ಸಿಐ ಕೆಂಪಾದರೆ ಟೆಸ್ಟ್ ಆಫ್ ಮಾಡಬೇಡಿ: ದೋಷ ಹುಡುಕುವ ಕ್ರಮ, ಟೆಸ್ಟ್ ಕಡ್ಡಾಯ ಮಾಡುವ ಹೊತ್ತು

ರಾತ್ರಿ ಹನ್ನೆರಡೂ ಮುಕ್ಕಾಲಿಗೆ ಕೋಡ್ ಪುಶ್ ಮಾಡಿದರೆ (ಗಿಟ್‌ಹಬ್‌ಗೆ ಕಳಿಸಿದರೆ) ಸಿಐನಲ್ಲಿ, ಅಂದರೆ ಕಳಿಸಿದ ಕೋಡನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆಯಲ್ಲಿ, ಟೆಸ್ಟ್ ಬಿದ್ದು ಕೆಂಪಾಗುತ್ತಿತ್ತು. ಬೆಳಗ್ಗೆ ಹತ್ತಕ್ಕೆ ಅದೇ ಕೋಡನ್ನು ಮತ್ತೆ ಓಡಿಸಿದರೆ ಪಾಸ್. ನಡುವೆ ಒಂದಕ್ಷರವೂ ಬದಲಾಗಿರಲಿಲ್ಲ.

ನಾವು ನಾಲ್ಕು ಜನ ಸೇರಿ ಹಳ್ಳಿಯ ಹಾಲಿನ ಡೇರಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಬಟವಾಡೆ ದಿನ ಯಾರಿಗೆ ಎಷ್ಟು ದುಡ್ಡು. ಇಷ್ಟೇ ಕೆಲಸ. ಕೋಡ್ ಪೈಥಾನಿನಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್, ಮೇಲೆ ಸಿಐಗೆ ಗಿಟ್‌ಹಬ್ ಆಕ್ಷನ್ಸ್. ಬೀಳುತ್ತಿದ್ದ ಟೆಸ್ಟ್ ಕೂಡ ಸಣ್ಣದು: ಈಗ ಹಾಕಿದ ಹಾಲು ಇವತ್ತಿನ ತಾರೀಖಿಗೇ ಸೇರಬೇಕು.

ವಾರಕ್ಕೆ ಒಂದೆರಡು ಸಲ ಮಾತ್ರ ಬೀಳುತ್ತಿದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸುಮ್ನೆ ತೊಂದರೆ ಕೊಡುತ್ತದೆ ಅಂತ ನಾನೇ ಅದನ್ನು ಸ್ಕಿಪ್ ಮಾಡಿದೆ. ‘ಆಮೇಲೆ ನೋಡೋಣ’ ಅಂತ ಒಂದು ಕಾಮೆಂಟ್ ಬೇರೆ ಹಾಕಿದೆ.

ಬೇಸಿಗೆ ಬಂತು. ಒಂದು ಡೇರಿಗೆ ಹಾಲಿನ ಗಾಡಿ ಬೇಗ ಬರತೊಡಗಿತು. ಅಲ್ಲಿ ಬೆಳಗಿನ ಪಾಳಿ ಐದು ಗಂಟೆಗೇ ಶುರುವಾಯಿತು. ಕೆಲವು ದಿನ ಕಳೆದ ಮೇಲೆ ಕಾರ್ಯದರ್ಶಿಯವರು ಫೋನ್ ಮಾಡಿದರು. ‘ಸಾರ್, ಬೇಗ ಬಂದೋರ ಹಾಲು ನಿನ್ನೆ ಲೆಕ್ಕಕ್ಕೆ ಹೋಗ್ತಾ ಇದೆ. ನಿನ್ನೆ ಬೆಳಗ್ಗೆ ಎರಡು ಸಲ ಹಾಕಿದಂಗೆ, ಇವತ್ತು ಹಾಕೇ ಇಲ್ಲ ಅನ್ನೋ ಹಂಗೆ ತೋರಿಸ್ತದೆ.’

ಕಾರಣ ಒಂದೇ ಸಾಲಿನಲ್ಲಿತ್ತು. ನಮ್ಮ ಕೋಡ್ ‘ಇವತ್ತು’ ಅನ್ನುವುದನ್ನು ಮೆಷೀನಿನ ಗಡಿಯಾರದಿಂದ ತೆಗೆದುಕೊಳ್ಳುತ್ತಿತ್ತು. ನಮ್ಮ ಲ್ಯಾಪ್‌ಟಾಪ್‌ಗಳು ಭಾರತದ ಸಮಯದಲ್ಲಿ, ಸರ್ವರ್ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಮೂಲವಾದ ಸಮಯ), ಸಿಐ ರನ್ನರ್ (ಟೆಸ್ಟ್ ಓಡಿಸುವ ಮೆಷೀನ್) ಕೂಡ ಯುಟಿಸಿಯಲ್ಲಿ. ನಾವು ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ. ಅಂದರೆ ನಮ್ಮಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಐದೂವರೆ ತನಕ ಸರ್ವರಿಗೆ ಇನ್ನೂ ನಿನ್ನೆಯೇ. ರಾತ್ರಿ ಪುಶ್ ಮಾಡಿದಾಗ ಟೆಸ್ಟ್ ಬಿದ್ದಿದ್ದು ಇದಕ್ಕೇ. ಬೆಳಗಿನ ಐದು ಗಂಟೆಯ ಹಾಲು ಹಿಂದಿನ ದಿನಕ್ಕೆ ಹೋಗಿದ್ದೂ ಇದಕ್ಕೇ. ಟೆಸ್ಟ್ ಸರಿಯಾಗಿಯೇ ಹೇಳಿತ್ತು. ನಾವು ಅದರ ಬಾಯಿ ಮುಚ್ಚಿಸಿದ್ದೆವು.

ಅವತ್ತಿನಿಂದ ಟೆಸ್ಟ್ ಕೆಂಪಾದರೆ ಮೊದಲು ಏನು ನೋಡಬೇಕು, ಯಾವ ಟೆಸ್ಟನ್ನು ಯಾವಾಗ ಕಡ್ಡಾಯ ಮಾಡಬೇಕು ಅಂತ ಒಂದು ಕ್ರಮ ಇಟ್ಟುಕೊಂಡಿದ್ದೇವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಪೈಟೆಸ್ಟ್ (ಪೈಥಾನ್ ಟೆಸ್ಟ್‌ಗಳನ್ನು ಓಡಿಸುವ ಸಾಧನ) ಮತ್ತು ಗಿಟ್‌ಹಬ್ ಆಕ್ಷನ್ಸ್‌ನವು. ಜೆಂಕಿನ್ಸ್, ಗಿಟ್‌ಲ್ಯಾಬ್ ಬಳಸುವವರಿಗೂ ದೋಷಗಳು ಹೆಚ್ಚುಕಮ್ಮಿ ಇವೇ.

ಎರಡು ಸ್ವಿಚ್, ಒಂದಲ್ಲ

‘ಟೆಸ್ಟ್‌ಗಳನ್ನು ಸಿಐಗೆ ಯಾವಾಗ ಹಾಕಬೇಕು’ ಅಂತ ಕೇಳುವಾಗ ಎರಡು ಬೇರೆ ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ. ಟೆಸ್ಟ್ ಪ್ರತಿ ಪುಶ್‌ಗೂ ಓಡಬೇಕಾ, ಇದು ಮೊದಲನೆಯದು. ಟೆಸ್ಟ್ ಬಿದ್ದರೆ ಆ ಕೋಡ್ ಮರ್ಜ್ ಆಗದಂತೆ (ಮುಖ್ಯ ಕೋಡಿಗೆ ಸೇರದಂತೆ) ತಡೆಯಬೇಕಾ, ಇದು ಎರಡನೆಯದು. ಗಿಟ್‌ಹಬ್‌ನಲ್ಲಿ ಇವೆರಡೂ ಬೇರೆ ಬೇರೆ ಜಾಗದಲ್ಲಿವೆ. ಓಡಿಸುವುದು ವರ್ಕ್‌ಫ್ಲೋ ಫೈಲಿನಲ್ಲಿ (ಸಿಐ ಏನೇನು ಓಡಿಸಬೇಕು ಅಂತ ಬರೆದ ಫೈಲ್). ತಡೆಯುವುದು ಬ್ರಾಂಚ್ (ಕೋಡಿನ ಕವಲು) ಪ್ರೊಟೆಕ್ಷನ್ ಸೆಟ್ಟಿಂಗ್‌ನಲ್ಲಿ, ‘ಕಡ್ಡಾಯ ಚೆಕ್’ ಅನ್ನುವ ಪಟ್ಟಿಯಲ್ಲಿ.

ಮೊದಲನೆಯ ಸ್ವಿಚ್ಚನ್ನು ಪ್ರಾಜೆಕ್ಟ್ ಶುರುವಾದ ದಿನವೇ ಹಾಕಿ. ಒಂದೇ ಟೆಸ್ಟ್ ಇದ್ದರೂ ಸಾಕು. ಆ್ಯಪ್ ಏಳುತ್ತದೆಯೇ, ಮುಖಪುಟ 200 (‘ಸರಿಯಿದೆ’) ಅಂತ ಉತ್ತರ ಕೊಡುತ್ತದೆಯೇ, ಅಷ್ಟು ನೋಡುವ ಟೆಸ್ಟ್. ಆ ದಿನ ಟೆಸ್ಟಿಗಿಂತ ಮುಖ್ಯವಾದದ್ದು ಇನ್ನೊಂದಿದೆ: ನಿಮ್ಮ ಕೋಡ್ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಬೇರೆ ಮೆಷೀನಿನಲ್ಲೂ ನಿಲ್ಲುತ್ತದೆ ಅಂತ ತೋರಿಸುವುದು. ಮೊದಲ ದಿನ ಅದಕ್ಕೆ ಅರ್ಧ ಗಂಟೆ ಸಾಕು. ಆರು ತಿಂಗಳು ಬಿಟ್ಟು ಮಾಡಹೊರಟರೆ, ಯಾರೋ ಎಂದೋ ಕೈಯಿಂದ ಇನ್‌ಸ್ಟಾಲ್ ಮಾಡಿದ್ದ ಲೈಬ್ರರಿ, ಯಾರದೋ ಹೋಮ್ ಫೋಲ್ಡರಿನ ಪಾತ್, ಡೇಟಾಬೇಸಿನಲ್ಲಿ ಉಳಿದುಹೋದ ಹಳೆಯ ಸಾಲುಗಳು, ಎಲ್ಲ ಒಟ್ಟಿಗೆ ಎದುರಿಗೆ ಬಂದು ನಿಲ್ಲುತ್ತವೆ.

ಎರಡನೆಯ ಸ್ವಿಚ್ಚಿಗೆ ಮಾತ್ರ ಕಾಯಬೇಕು. ಎಷ್ಟು ಕಾಯಬೇಕು? ಆ ಟೆಸ್ಟ್ ಸುಳ್ಳು ಹೇಳುವುದಿಲ್ಲ ಅಂತ ಗೊತ್ತಾಗುವವರೆಗೆ. ಸುಳ್ಳು ಕೆಂಪು ತೋರಿಸುವ ಟೆಸ್ಟನ್ನು ಕಡ್ಡಾಯ ಮಾಡಿದರೆ ಜನ ಎರಡೇ ವಾರದಲ್ಲಿ ‘ಮತ್ತೆ ಓಡಿಸು’ ಬಟನ್ ಒತ್ತುವುದನ್ನು ಕಲಿತುಬಿಡುತ್ತಾರೆ. ಆಮೇಲೆ ನಿಜವಾದ ಕೆಂಪು ಬಂದರೂ ಅದೇ ಬಟನ್ ಒತ್ತುತ್ತಾರೆ.

ಹಾಗಾಗಿ ಕೆಳಗಿನ ದೋಷಗಳನ್ನು ಹುಡುಕುವುದೂ ಟೆಸ್ಟನ್ನು ಕಡ್ಡಾಯ ಮಾಡುವ ಹೊತ್ತನ್ನು ಗೊತ್ತುಮಾಡುವುದೂ ಒಂದೇ ಕೆಲಸ.

ಮೊದಲು ಲಾಗ್ ಓದಿ

ಲಾಗ್ ಅಂದರೆ ಸಿಐ ಓಟದ ದಾಖಲೆ. ಅದರ ಕೊನೆಯ ಕೆಂಪು ಸಾಲನ್ನು ಮಾತ್ರ ಓದಿ ತೀರ್ಮಾನಕ್ಕೆ ಬರಬೇಡಿ. ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಯಾವ ಕಮಿಟ್ (ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಉಳಿಸಿದ ಒಂದು ಬದಲಾವಣೆ), ಎಷ್ಟು ಹೊತ್ತಿಗೆ ಓಡಿತು (ಯುಟಿಸಿಯಲ್ಲೂ ನಮ್ಮ ಸಮಯದಲ್ಲೂ), ಎಷ್ಟು ಟೆಸ್ಟ್ ಸಿಕ್ಕಿದವು, ಎಕ್ಸಿಟ್ ಕೋಡ್ (ಕಮಾಂಡ್ ಮುಗಿಯುವಾಗ ಕೊಡುವ ಸಂಖ್ಯೆ, 0 ಅಂದರೆ ಸರಿ) ಎಷ್ಟು.

ಎಕ್ಸಿಟ್ ಕೋಡ್ ತುಂಬ ಹೇಳುತ್ತದೆ. ಪೈಟೆಸ್ಟ್ 1 ಕೊಟ್ಟರೆ ಟೆಸ್ಟ್ ಬಿದ್ದಿದೆ. 2 ಅಂದರೆ ಓಟ ನಡುವೆ ನಿಂತಿದೆ. 4 ಅಂದರೆ ಕಮಾಂಡನ್ನೇ ತಪ್ಪಾಗಿ ಬರೆದಿದ್ದೀರಿ. 5 ಅಂದರೆ ಒಂದು ಟೆಸ್ಟೂ ಸಿಗಲಿಲ್ಲ. 137 ಬಂದರೆ ಟೆಸ್ಟಿನ ತಪ್ಪು ಹುಡುಕುತ್ತಾ ಕೂರಬೇಡಿ. ಅದು 128ಕ್ಕೆ 9 ಕೂಡಿದ ಸಂಖ್ಯೆ. ಸಿಗ್ನಲ್ 9 ಕಳಿಸಿ ಯಾರೋ ಪ್ರೋಗ್ರಾಮನ್ನು ಕೊಂದಿದ್ದಾರೆ ಅಂತ ಅರ್ಥ. ಹೆಚ್ಚಿನ ಸಲ ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮೇ ಕೊಂದಿರುತ್ತದೆ.

ಹಸಿರಾಗಿದೆ, ಆದರೆ ನಂಬಬಹುದಾ?

ನನ್ನ ಪ್ರಕಾರ ಎಲ್ಲಕ್ಕಿಂತ ಕೆಟ್ಟ ದೋಷ ಇದು. ಕೆಂಪು ಬಂದರೆ ಯಾರಾದರೂ ನೋಡುತ್ತಾರೆ. ಸುಳ್ಳು ಹಸಿರನ್ನು ಯಾರೂ ನೋಡುವುದಿಲ್ಲ.

ಪತ್ತೆ ಮಾಡುವ ಉಪಾಯ ತುಂಬ ಸುಲಭ. ಒಂದು ಬೇರೆ ಬ್ರಾಂಚ್ ಮಾಡಿ, ಬೇಕಂತಲೇ ಬೀಳುವ ಒಂದು ಟೆಸ್ಟ್ ಬರೆಯಿರಿ. ಒಂದು ಎರಡಕ್ಕೆ ಸಮ ಅಂತ ಸಾಧಿಸುವ ಒಂದೇ ಸಾಲು ಸಾಕು. ಪುಶ್ ಮಾಡಿ. ಸಿಐ ಕೆಂಪಾಯಿತಾ? ಮರ್ಜ್ ಬಟನ್ ಮುಚ್ಚಿಕೊಂಡಿತಾ? ಎರಡೂ ಆಗದೆ ಹೋದರೆ ನಿಮ್ಮ ಇಷ್ಟು ದಿನದ ಹಸಿರೆಲ್ಲ ಅನುಮಾನ. ಹೊಸ ಸಿಐ ಕಟ್ಟಿದಾಗ, ವರ್ಕ್‌ಫ್ಲೋ ಫೈಲ್ ಮುಟ್ಟಿದಾಗ ಪ್ರತಿ ಸಲವೂ ಇದನ್ನು ಮಾಡಿ.

ನಮ್ಮಲ್ಲಿ ಈ ಪರೀಕ್ಷೆ ಮಾಡಿದ ದಿನ ಹಸಿರು ಬಂತು. ಹುಡುಕಿದಾಗ ಸಿಕ್ಕಿದ್ದು ಪೈಪ್. ಟೆಸ್ಟಿನ ಔಟ್‌ಪುಟ್ ಫೈಲಿಗೂ ಹೋಗಲಿ, ಪರದೆಗೂ ಬರಲಿ ಅಂತ ಒಬ್ಬರು ಪೈಟೆಸ್ಟ್ ಕಮಾಂಡಿನ ಕೊನೆಗೆ ಪೈಪ್ (ಒಂದು ಕಮಾಂಡಿನ ಔಟ್‌ಪುಟ್ ಇನ್ನೊಂದಕ್ಕೆ ಕೊಡುವ ಗುರುತು) ಹಾಕಿ ‘ಟೀ’ ಕಮಾಂಡ್ ಸೇರಿಸಿದ್ದರು. ಶೆಲ್ಲಿನಲ್ಲಿ (ಕಮಾಂಡ್ ಓಡಿಸುವ ಪ್ರೋಗ್ರಾಮ್) ಪೈಪ್ ಇದ್ದರೆ ಕೊನೆಯ ಕಮಾಂಡಿನ ಎಕ್ಸಿಟ್ ಕೋಡೇ ಇಡೀ ಸಾಲಿನ ಎಕ್ಸಿಟ್ ಕೋಡ್ ಆಗುತ್ತದೆ. ಪೈಟೆಸ್ಟ್ 1 ಅಂತ ಕೂಗಿತು. ‘ಟೀ’ ತನ್ನ ಕೆಲಸ ಸರಿಯಾಗಿ ಮುಗಿಸಿ 0 ಅಂದಿತು. ಗಿಟ್‌ಹಬ್‌ಗೆ ಕೇಳಿಸಿದ್ದು 0 ಮಾತ್ರ.

ಇದಕ್ಕೆ ಬ್ಯಾಷ್ ಅನ್ನುವ ಶೆಲ್ಲಿನ ‘ಪೈಪ್‌ಫೇಲ್’ ಆಯ್ಕೆ ಹಾಕಬೇಕು. ಆಗ ಸಾಲಿನ ಯಾವ ಕಮಾಂಡ್ ಬಿದ್ದರೂ ಇಡೀ ಸಾಲು ಬಿದ್ದಂತೆ. ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಒಂದು ಸೂಕ್ಷ್ಮ ಇದೆ. ಲಿನಕ್ಸ್ ರನ್ನರಿನಲ್ಲಿ ನೀವು ಶೆಲ್ ಯಾವುದು ಅಂತ ಹೇಳದೆ ಬಿಟ್ಟರೂ ಅದು ಬ್ಯಾಷನ್ನೇ ಬಳಸುತ್ತದೆ, ಆದರೆ ಪೈಪ್‌ಫೇಲ್ ಇರುವುದಿಲ್ಲ. ‘ಶೆಲ್: ಬ್ಯಾಷ್’ ಅಂತ ಬಾಯಿಬಿಟ್ಟು ಬರೆದರೆ ಪೈಪ್‌ಫೇಲ್ ತಾನಾಗಿ ಸೇರುತ್ತದೆ. ಎರಡೂ ಬ್ಯಾಷೇ, ನಡವಳಿಕೆ ಬೇರೆ. ಈ ಒಂದು ಸಾಲು ಗೊತ್ತಿಲ್ಲದೆ ನಾವು ತಿಂಗಳುಗಟ್ಟಲೆ ಸುಳ್ಳು ಹಸಿರು ನೋಡಿಕೊಂಡು ಬಂದಿದ್ದೆವು.

ಎರಡನೇ ಕಾರಣ, ಟೆಸ್ಟ್ ಇದೆ ಆದರೆ ಸಿಗುತ್ತಿಲ್ಲ. ಪೈಟೆಸ್ಟ್ ತಾನಾಗಿ ಹುಡುಕುವುದು ‘ಟೆಸ್ಟ್’ ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾಗುವ, ಇಲ್ಲವೇ ಅಂಡರ್‌ಸ್ಕೋರ್ ಮತ್ತು ‘ಟೆಸ್ಟ್’ನಿಂದ ಮುಗಿಯುವ ಪೈಥಾನ್ ಫೈಲುಗಳನ್ನು. ಹೆಸರಿನ ಕೊನೆಗೆ ಬಹುವಚನದ ‘ಎಸ್’ ಸೇರಿಸಿ ‘ಟೆಸ್ಟ್ಸ್’ ಅಂತ ಮುಗಿಸಿದರೆ ಆ ಫೈಲನ್ನು ಅದು ತೆರೆಯುವುದೇ ಇಲ್ಲ. ಬೇರೆ ಫೈಲುಗಳಲ್ಲಿ ಟೆಸ್ಟ್ ಇರುವುದರಿಂದ ಎಕ್ಸಿಟ್ ಕೋಡ್ 5 ಕೂಡ ಬರುವುದಿಲ್ಲ. ಸದ್ದಿಲ್ಲದೆ ಹಸಿರು. ಇನ್ನೊಂದು, ಟೆಸ್ಟನ್ನು ಕಾಪಿ ಮಾಡಿ ಕೆಳಗೆ ಅಂಟಿಸಿ ಹೆಸರು ಬದಲಿಸಲು ಮರೆತರೆ, ಒಂದೇ ಫೈಲಿನಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್ ಆಗುತ್ತವೆ. ಪೈಥಾನಿಗೆ ಎರಡನೆಯದೇ ಗಟ್ಟಿ. ಮೊದಲನೆಯದು ಮಾಯ. ಅದಕ್ಕೇ ‘ಎಷ್ಟು ಟೆಸ್ಟ್ ಸಿಕ್ಕಿದವು’ ಅನ್ನುವ ಸಂಖ್ಯೆ ನೋಡಿ ಅಂದಿದ್ದು. ಹೊಸದಾಗಿ ಮೂರು ಟೆಸ್ಟ್ ಬರೆದ ಮೇಲೆ ಸಂಖ್ಯೆ ಮೂರು ಹೆಚ್ಚಾಗಬೇಕು, ಅಲ್ವಾ?

ಇವು ಬಿಟ್ಟರೆ ‘ತಪ್ಪಾದರೂ ಮುಂದುವರಿ’ ಅನ್ನುವ ಸೆಟ್ಟಿಂಗ್, ಕಮಾಂಡಿನ ಕೊನೆಗೆ ‘ಇಲ್ಲದಿದ್ದರೆ ಟ್ರೂ’ (|| true) ಅಂತ ಸೇರಿಸಿದ ಬಾಲ, ಇವೂ ಬಿದ್ದದ್ದನ್ನು ಪಾಸ್ ಅನ್ನಿಸುತ್ತವೆ. ವರ್ಕ್‌ಫ್ಲೋ ಫೈಲಿನಲ್ಲಿ ಇವೆರಡನ್ನು ಹುಡುಕಿ ನೋಡಿ. ಯಾರೋ ಒಂದು ಅವಸರದ ದಿನ ಹಾಕಿ ಮರೆತಿರುತ್ತಾರೆ.

ಲ್ಯಾಪ್‌ಟಾಪಿನಲ್ಲಿ ಹಸಿರು, ಸಿಐನಲ್ಲಿ ಕೆಂಪು

‘ನನ್ನ ಮೆಷೀನಿನಲ್ಲಿ ಓಡುತ್ತದೆ’ ಅಂತ ಯಾರಾದರೂ ಹೇಳಿದರೆ ಅದು ನಿಜವೇ ಇರುತ್ತದೆ. ಎರಡು ಮೆಷೀನಿನ ನಡುವೆ ಏನು ಬೇರೆ ಅನ್ನುವುದು ಮಾತ್ರ ಪ್ರಶ್ನೆ.

ಸಿಐ ಬಳಸುವ ಕಂಟೇನರ್ ಇಮೇಜನ್ನೇ (ಕೋಡ್ ಓಡಲು ಬೇಕಾದದ್ದನ್ನೆಲ್ಲ ಕಟ್ಟಿಟ್ಟ ಪೊಟ್ಟಣ) ಲ್ಯಾಪ್‌ಟಾಪಿಗೆ ಇಳಿಸಿ, ಹೊಸ ಫೋಲ್ಡರಿಗೆ ಹೊಸದಾಗಿ ಕೋಡನ್ನು ಕ್ಲೋನ್ ಮಾಡಿ (ಗಿಟ್‌ನಿಂದ ಪ್ರತಿ ಇಳಿಸಿ), ವರ್ಕ್‌ಫ್ಲೋದಲ್ಲಿರುವ ಕಮಾಂಡನ್ನೇ ಅಕ್ಷರಶಃ ಓಡಿಸಿ. ಈಗ ಲ್ಯಾಪ್‌ಟಾಪಿನಲ್ಲೂ ಬಿದ್ದರೆ ಅರ್ಧ ಕೆಲಸ ಮುಗಿಯಿತು. ಹೊಸ ಕ್ಲೋನ್ ಮುಖ್ಯ. ಗಿಟ್‌ಗೆ ಸೇರಿಸಲು ಮರೆತ ಫೈಲ್ ನಿಮ್ಮ ಹಳೆಯ ಫೋಲ್ಡರಿನಲ್ಲಿ ಇದ್ದೇ ಇರುತ್ತದೆ, ಸಿಐನಲ್ಲಿ ಇರುವುದಿಲ್ಲ.

ಸಮಯದ ವಲಯದ ಕಥೆ ಮೇಲೆ ಹೇಳಿದೆ. ಅದನ್ನು ಹಗಲು ಹೊತ್ತಿನಲ್ಲೇ ಹಿಡಿಯಲು ಒಂದು ಉಪಾಯ ಇದೆ, ಇದು ನನಗೆ ತುಂಬ ಇಷ್ಟ. ಟೈಮ್‌ಝೋನ್ ಎನ್ವಿರಾನ್ಮೆಂಟ್ ವೇರಿಯಬಲ್ ಬದಲಿಸಿ ಟೆಸ್ಟ್‌ಗಳನ್ನು ಎರಡು ಸಲ ಓಡಿಸಿ. ಒಮ್ಮೆ ಪೆಸಿಫಿಕ್ ಸಾಗರದ ಕಿರಿಟಿಮಾಟಿ ದ್ವೀಪದ ಸಮಯದಲ್ಲಿ, ಇನ್ನೊಮ್ಮೆ ಅದೇ ಸಾಗರದ ಅಮೆರಿಕನ್ ಸಮೋವಾ ದ್ವೀಪಗಳ ಪಾಗೋ ಪಾಗೋ ಸಮಯದಲ್ಲಿ. ಮೊದಲನೆಯದು ಯುಟಿಸಿಗಿಂತ 14 ಗಂಟೆ ಮುಂದೆ, ಎರಡನೆಯದು 11 ಗಂಟೆ ಹಿಂದೆ. ನಮ್ಮಲ್ಲಿ ಮಧ್ಯಾಹ್ನ ಮೂರೂವರೆ ದಾಟಿದರೆ ಕಿರಿಟಿಮಾಟಿಯಲ್ಲಿ ನಾಳೆ. ನಾಲ್ಕೂವರೆಯ ಒಳಗಾದರೆ ಪಾಗೋ ಪಾಗೋದಲ್ಲಿ ಇನ್ನೂ ನಿನ್ನೆ. ನೀವು ಎಷ್ಟು ಹೊತ್ತಿಗೆ ಓಡಿಸಿದರೂ ಎರಡರಲ್ಲಿ ಒಂದು ಕಡೆಯಾದರೂ ತಾರೀಖು ಬೇರೆ ಇರುತ್ತದೆ. ಮೆಷೀನಿನ ಗಡಿಯಾರವನ್ನು ನಂಬಿ ಕೂತ ಕೋಡ್ ಅಲ್ಲೇ ಸಿಕ್ಕಿಬೀಳುತ್ತದೆ.

ಕನ್ನಡದ ಡೇಟಾ ಇಟ್ಟುಕೊಂಡವರಿಗೆ ಇನ್ನೆರಡು ದೋಷ ಕಾದಿರುತ್ತವೆ. ಒಂದು, ಅಕಾರಾದಿ. ಸದಸ್ಯರ ಪಟ್ಟಿಯಲ್ಲಿ ಕಾವೇರಿ, ಕಾಳಮ್ಮ ಇಬ್ಬರೂ ಇದ್ದಾರೆ ಅಂದುಕೊಳ್ಳಿ. ನಾವು ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ‘ಳ’ ಕೊನೆಗೆ ಬರುತ್ತದೆ, ಹಾಗಾಗಿ ಕಾವೇರಿ ಮೊದಲು. ಯೂನಿಕೋಡಿನಲ್ಲಿ (ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಸಂಖ್ಯೆ ಕೊಡುವ ಪದ್ಧತಿ) ‘ಳ’ದ ಸಂಖ್ಯೆ ‘ಲ’ದ ಪಕ್ಕದಲ್ಲೇ ಇದೆ, ‘ವ’ಕ್ಕಿಂತ ಮೊದಲು. ಹಾಗಾಗಿ ಸಂಖ್ಯೆ ನೋಡಿ ಜೋಡಿಸಿದರೆ ಕಾಳಮ್ಮ ಮೊದಲು. ಡೇಟಾಬೇಸಿನ ಲೊಕೇಲ್ (ಭಾಷೆ, ಅಕ್ಷರಕ್ರಮದ ಸೆಟ್ಟಿಂಗ್) ‘ಸಿ’ ಆಗಿದ್ದರೆ ಸಂಖ್ಯೆಯ ಪ್ರಕಾರವೇ ಜೋಡಿಸುತ್ತದೆ. ಬೇರೆ ಲೊಕೇಲ್ ಇದ್ದರೆ ಅದರ ನಿಯಮ ಬೇರೆ ಇರಬಹುದು. ಲ್ಯಾಪ್‌ಟಾಪಿನ ಪೋಸ್ಟ್‌ಗ್ರೆಸ್ ಒಂದು ಲೊಕೇಲಿನಲ್ಲಿ, ಸಿಐ ಕಂಟೇನರಿನದು ಇನ್ನೊಂದರಲ್ಲಿ ಇದ್ದರೆ ಟೆಸ್ಟ್ ಬೀಳುತ್ತದೆ. ಇಲ್ಲಿ ಟೆಸ್ಟ್ ಸಡಿಲ ಮಾಡಬೇಡಿ. ಡೇರಿಯ ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಯಾರು ಮೊದಲು ಬರಬೇಕು ಅಂತ ತೀರ್ಮಾನಿಸಿ, ಆ ಕ್ರಮವನ್ನು ಕೋಡಿನಲ್ಲೇ ಬರೆಯಿರಿ. ಕ್ರಮ ಹೇಳದೆ ಪಟ್ಟಿ ಕೇಳಿದರೆ ಪೋಸ್ಟ್‌ಗ್ರೆಸ್ ಯಾವ ಕ್ರಮದಲ್ಲಿ ಬೇಕಾದರೂ ಕೊಡಬಹುದು, ಅದೂ ನೆನಪಿರಲಿ.

ಎರಡನೆಯದು, ಕಣ್ಣಿಗೆ ಒಂದೇ ಥರ ಕಂಡರೂ ಬೇರೆಯಾಗಿರುವ ಹೆಸರು. ‘ಗೋಪಾಲ’ದ ‘ಗೋ’ವನ್ನು ಓತ್ವದ ಒಂದೇ ಸಂಖ್ಯೆಯಿಂದಲೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಮೂರನ್ನೂ ಬೇರೆ ಬೇರೆ ಪೋಣಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಗೋಪಾಲ. ಹೋಲಿಸಿದರೆ ಬೇರೆ ಬೇರೆ. ಲಾಗಿನಲ್ಲಿ ‘ಗೋಪಾಲ ಬೇಕಿತ್ತು, ಗೋಪಾಲ ಬಂತು’ ಅಂತ ಕೆಂಪು ಸಾಲು ನೋಡಿದರೆ ಗಾಬರಿಯಾಗಬೇಡಿ. ಹೆಸರನ್ನು ಉಳಿಸುವಾಗಲೇ ಯೂನಿಕೋಡಿನ ಎನ್‌ಎಫ್‌ಸಿ ರೂಪಕ್ಕೆ (ಬಿಡಿ ಚಿಹ್ನೆಗಳನ್ನು ಕೂಡಿಸಿದ ರೂಪ) ತಂದುಬಿಡಿ. ಹಾಗೆ ಮಾಡದಿದ್ದರೆ ಒಬ್ಬನೇ ಗೋಪಾಲನಿಗೆ ಎರಡು ಖಾತೆ ಹುಟ್ಟುತ್ತವೆ. ಟೆಸ್ಟ್ ತೋರಿಸಿದ್ದು ಅದನ್ನೇ.

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಮ್ಯಾಕ್ ಸಾಮಾನ್ಯವಾಗಿ ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಗಿಟ್‌ಹಬ್‌ನ ಚೆಕ್‌ಔಟ್ ಆಕ್ಷನ್, ಬೇರೆ ಹೇಳದ ಹೊರತು, ಕೊನೆಯ ಒಂದು ಕಮಿಟ್ ಮಾತ್ರ ಇಳಿಸುತ್ತದೆ. ಟ್ಯಾಗ್ (ಕಮಿಟ್‌ಗೆ ಅಂಟಿಸಿದ ಹೆಸರು) ನೋಡಿ ವರ್ಷನ್ ಸಂಖ್ಯೆ ತೆಗೆಯುವ ಟೆಸ್ಟ್ ಅಲ್ಲಿ ಬೀಳುತ್ತದೆ. ಹೊರಗಿನವರು ಫೋರ್ಕ್‌ನಿಂದ (ನಿಮ್ಮ ಕೋಡಿನ ಅವರದೇ ಪ್ರತಿ) ಕಳಿಸಿದ ಪುಲ್ ರಿಕ್ವೆಸ್ಟ್‌ಗೆ (ಮರ್ಜ್ ಮಾಡಿ ಅನ್ನುವ ಕೋರಿಕೆ) ನಿಮ್ಮ ಸೀಕ್ರೆಟ್‌ಗಳು (ಪಾಸ್‌ವರ್ಡ್‌ನಂಥ ಗುಟ್ಟಿನ ಮೌಲ್ಯಗಳು) ಸಿಗುವುದಿಲ್ಲ. ಅದು ಸುರಕ್ಷತೆಗಾಗಿ ಹಾಗೇ ಇರಬೇಕು. ಸೀಕ್ರೆಟ್ ಬೇಕಾದ ಟೆಸ್ಟ್ ಕಡ್ಡಾಯ ಪಟ್ಟಿಯಲ್ಲಿ ಇರಬಾರದು, ಅಷ್ಟೇ.

ಒಮ್ಮೆ ಹಸಿರು, ಒಮ್ಮೆ ಕೆಂಪು

ಇದು ಎಲ್ಲರ ಕಷ್ಟ. ಗೂಗಲ್‌ನವರು 2016ರಲ್ಲಿ ತಮ್ಮ ಲೆಕ್ಕ ಹೊರಗೆ ಇಟ್ಟಿದ್ದರು. ಅವರ ಎಲ್ಲ ಟೆಸ್ಟ್ ಓಟಗಳಲ್ಲಿ ಸುಮಾರು 1.5% ಹೀಗೆ ಅಸ್ಥಿರ ಫಲಿತಾಂಶ ಕೊಡುತ್ತಿದ್ದವು. ಸುಮಾರು 16% ಟೆಸ್ಟ್‌ಗಳಲ್ಲಿ ಒಂದಿಷ್ಟಾದರೂ ಅಸ್ಥಿರತೆ ಇತ್ತು. ಹಸಿರಿನಿಂದ ಕೆಂಪಿಗೆ ತಿರುಗಿದ ಪ್ರಸಂಗಗಳಲ್ಲಿ ಸುಮಾರು 84% ಇಂಥ ಟೆಸ್ಟ್‌ಗಳಿಗೇ ಸಂಬಂಧಿಸಿದ್ದವು.

ಸಣ್ಣ ತಂಡಕ್ಕೂ ಇದು ಹೇಗೆ ತಟ್ಟುತ್ತದೆ ನೋಡಿ. ನೂರಕ್ಕೆ ಒಂದು ಸಲ ಸುಮ್ಮನೆ ಬೀಳುವ 50 ಟೆಸ್ಟ್ ಇವೆ ಅಂದುಕೊಳ್ಳಿ. ಎಲ್ಲವೂ ಪಾಸಾಗುವ ಸಾಧ್ಯತೆ 0.99ರ 50ನೇ ಘಾತ, ಸುಮಾರು 60%. ಅಂದರೆ ಹತ್ತು ಬಿಲ್ಡ್‌ನಲ್ಲಿ ನಾಲ್ಕು ಕಾರಣವಿಲ್ಲದೆ ಕೆಂಪು. ಒಂದೊಂದು ಟೆಸ್ಟನ್ನು ನೋಡಿದರೆ ‘ಪರವಾಗಿಲ್ಲ, ನೂರಕ್ಕೆ ಒಂದು’ ಅನ್ನಿಸುತ್ತದೆ. ಒಟ್ಟಿಗೆ ಬಂದಾಗ ಕೆಲಸವೇ ನಿಲ್ಲುತ್ತದೆ.

ಅನುಮಾನ ಬಂದ ಟೆಸ್ಟನ್ನು ಕೋಡ್ ಮುಟ್ಟದೆ 60 ಸಲ ಓಡಿಸಿ. ಯಾಕೆ 60? ಇಪ್ಪತ್ತಕ್ಕೆ ಒಂದು ಸಲ ಬೀಳುವ ಟೆಸ್ಟ್ 60 ಓಟದಲ್ಲಿ ಒಮ್ಮೆಯಾದರೂ ಬೀಳುವ ಸಾಧ್ಯತೆ 95% ದಾಟುತ್ತದೆ. ಆದರೆ 60ನ್ನೂ ಒಂದೇ ಗಂಟೆಯಲ್ಲಿ ಮುಗಿಸಬೇಡಿ. ನಮ್ಮ ಹಾಲಿನ ಟೆಸ್ಟನ್ನು ಹಗಲು ಹನ್ನೊಂದಕ್ಕೆ ಸಾವಿರ ಸಲ ಓಡಿಸಿದ್ದರೂ ಬೀಳುತ್ತಿರಲಿಲ್ಲ. ದಿನದ ಬೇರೆ ಬೇರೆ ಹೊತ್ತಿಗೆ ಹಂಚಿ.

ಬಿದ್ದ ಮೇಲೆ ಹೀಗೆ ಕೇಳುತ್ತಾ ಹೋಗಿ. ಒಂಟಿಯಾಗಿ ಓಡಿಸಿದರೂ ಬೀಳುತ್ತದೆಯೇ? ಒಂಟಿಯಾಗಿ ಪಾಸಾಗಿ, ಗುಂಪಿನಲ್ಲಿ ಬಿದ್ದರೆ ಇನ್ನೊಂದು ಟೆಸ್ಟ್ ಏನನ್ನೋ ಬಿಟ್ಟು ಹೋಗಿದೆ. ಡೇಟಾಬೇಸಿನಲ್ಲಿ ಒಂದು ಸಾಲು, ಬದಲಿಸಿ ಮರಳಿ ಇಡದ ಒಂದು ಸೆಟ್ಟಿಂಗ್. ಟೆಸ್ಟ್‌ಗಳ ಕ್ರಮವನ್ನು ಕಲಸಿ ಓಡಿಸುವ ಪ್ಲಗಿನ್ ಹಾಕಿದರೆ ಇದು ಬೇಗ ಸಿಗುತ್ತದೆ. ಕಲಸಿದ ಕ್ರಮವನ್ನು ಗೊತ್ತುಮಾಡುವ ಬೀಜಸಂಖ್ಯೆಯನ್ನು ಲಾಗಿನಲ್ಲಿ ಬರೆದಿಡುವುದು ಮರೆಯಬೇಡಿ, ಇಲ್ಲದಿದ್ದರೆ ಅದೇ ಕ್ರಮ ಮತ್ತೆ ಸಿಗುವುದಿಲ್ಲ.

ಒಂಟಿಯಾಗಿಯೂ ಬೀಳುತ್ತದೆ ಅಂದರೆ ಎಲ್ಲಿ ಕಾಯುತ್ತಿದೆ ನೋಡಿ. ‘ಎರಡು ಸೆಕೆಂಡ್ ಮಲಗು’ ಅಂತ ಬರೆದ ಸಾಲು ಇದ್ದರೆ ಅಲ್ಲೇ ದೋಷ ಇರುವ ಸಾಧ್ಯತೆ ಜಾಸ್ತಿ. ಸಿಐ ಮೆಷೀನ್ ಒಂದು ದಿನ ನಿಧಾನವಾದರೆ ಎರಡು ಸೆಕೆಂಡ್ ಸಾಲುವುದಿಲ್ಲ. ಸೆಕೆಂಡ್ ಎಣಿಸುವ ಬದಲು, ಬೇಕಾದದ್ದು ಸಿದ್ಧವಾಗುವವರೆಗೆ ಕೇಳುತ್ತಿರಿ, ಮೇಲೊಂದು ಗಡುವು ಇಡಿ. ಪೋಸ್ಟ್‌ಗ್ರೆಸ್ ಕಂಟೇನರ್ ಎದ್ದ ತಕ್ಷಣ ಸಂಪರ್ಕ ಸ್ವೀಕರಿಸುವುದಿಲ್ಲ, ಅದಕ್ಕೆ ಹೆಲ್ತ್ ಚೆಕ್ (ಸಿದ್ಧವಾಯಿತೇ ಅಂತ ಕೇಳುವ ಪರೀಕ್ಷೆ) ಹಾಕಿ. ಪೈಥಾನಿನಲ್ಲಿ ಪದಗಳ ಸೆಟ್ ಒಂದರ ಕ್ರಮ ಪ್ರತಿ ಓಟದಲ್ಲೂ ಬದಲಾಗಬಹುದು, ಪೈಥಾನ್ 3.3ರಿಂದ ಆ ಕ್ರಮವನ್ನು ಪ್ರಭಾವಿಸುವ ಹ್ಯಾಶ್ ಬೀಜ ತಾನಾಗಿ ಬೇರೆ ಬೇರೆ ಇರುತ್ತದೆ. ಸೆಟ್ಟನ್ನು ಪಟ್ಟಿ ಮಾಡಿ ಹೋಲಿಸಿದ್ದರೆ ಮೊದಲು ಜೋಡಿಸಿ, ಆಮೇಲೆ ಹೋಲಿಸಿ.

ಬಿದ್ದರೆ ತಾನಾಗಿ ಮೂರು ಸಲ ಓಡಿಸು ಅನ್ನುವ ಸೌಲಭ್ಯವನ್ನು ನಾನು ಇಷ್ಟಪಡುವುದಿಲ್ಲ. ನಮ್ಮ ಹಾಲಿನ ಟೆಸ್ಟ್ ಹಗಲಲ್ಲಿ ಮತ್ತೆ ಓಡಿಸಿದಾಗಲೆಲ್ಲ ಪಾಸಾಗಿತ್ತು. ಅದರಿಂದ ಡೇರಿಯವರಿಗೆ ಏನು ಉಪಯೋಗವಾಯಿತು? ಕಾರಣ ಸಿಗುವ ತನಕ ಆ ಟೆಸ್ಟನ್ನು ಬೇರೆ ಜಾಬ್‌ಗೆ (ವರ್ಕ್‌ಫ್ಲೋದಲ್ಲಿ ಬೇರೆಯಾಗಿ ಓಡುವ ಭಾಗ) ಕಳಿಸಿ. ಅಲ್ಲಿ ಅದು ಓಡುತ್ತಲೇ ಇರಲಿ, ಮರ್ಜ್ ತಡೆಯುವುದು ಬೇಡ. ಪಕ್ಕದಲ್ಲಿ ಯಾರು ನೋಡುತ್ತಾರೆ, ಯಾವ ತಾರೀಖಿನೊಳಗೆ ಅಂತ ಬರೆಯಿರಿ. ಹೆಸರು ತಾರೀಖು ಇಲ್ಲದ ಟೆಸ್ಟ್ ಅಲ್ಲೇ ವರ್ಷಗಟ್ಟಲೆ ಕೊಳೆಯುತ್ತದೆ.

ಕೆಂಪೂ ಇಲ್ಲ, ಹಸಿರೂ ಇಲ್ಲ

ಹಳದಿ ಚುಕ್ಕೆ ಗಂಟೆಗಟ್ಟಲೆ ನಿಂತಿದೆ, ಮರ್ಜ್ ಆಗುತ್ತಿಲ್ಲ. ಹೆಚ್ಚಿನ ಸಲ ಕಾರಣ ಎರಡರಲ್ಲಿ ಒಂದು. ಜಾಬ್‌ನ ಹೆಸರು ಬದಲಿಸಿದ್ದೀರಿ, ಕಡ್ಡಾಯ ಪಟ್ಟಿಯಲ್ಲಿ ಹಳೆಯ ಹೆಸರೇ ಇದೆ. ಅಥವಾ ‘ಕೋಡ್ ಫೋಲ್ಡರ್ ಬದಲಾದರೆ ಮಾತ್ರ ಓಡಿಸು’ ಅಂತ ವರ್ಕ್‌ಫ್ಲೋಗೆ ಪಾತ್ ಫಿಲ್ಟರ್ ಹಾಕಿದ್ದೀರಿ. ದಾಖಲೆ ಮಾತ್ರ ತಿದ್ದಿದ ಪುಲ್ ರಿಕ್ವೆಸ್ಟ್‌ನಲ್ಲಿ ವರ್ಕ್‌ಫ್ಲೋ ಓಡುವುದೇ ಇಲ್ಲ. ಗಿಟ್‌ಹಬ್ ಬಾರದ ಫಲಿತಾಂಶಕ್ಕೆ ಕಾಯುತ್ತಲೇ ಇರುತ್ತದೆ. ಷರತ್ತನ್ನು ಇಡೀ ವರ್ಕ್‌ಫ್ಲೋ ಬದಲು ಜಾಬ್‌ಗೆ ಹಾಕಿದರೆ, ಷರತ್ತಿನಿಂದ ಬಿಟ್ಟುಹೋದ ಜಾಬ್ ಪಾಸ್ ಅಂತಲೇ ಲೆಕ್ಕಕ್ಕೆ ಬರುತ್ತದೆ.

ಅಲ್ಲೇ ಇನ್ನೊಂದು ಗುಂಡಿ ಇದೆ, ಜೋಪಾನ. ಎಲ್ಲ ಜಾಬ್ ಮುಗಿದ ಮೇಲೆ ಓಡುವ ಒಂದು ‘ಒಟ್ಟು ಫಲಿತಾಂಶ’ ಜಾಬ್ ಮಾಡಿ, ಅದೊಂದನ್ನೇ ಕಡ್ಡಾಯ ಮಾಡುವ ರೂಢಿ ಇದೆ. ಟೆಸ್ಟ್ ಜಾಬ್ ಬಿದ್ದರೆ ಅದನ್ನು ನೆಚ್ಚಿಕೊಂಡ ಈ ಜಾಬ್ ಓಡದೆ ಬಿಟ್ಟುಹೋಗುತ್ತದೆ. ಬಿಟ್ಟುಹೋದದ್ದು ಪಾಸ್ ಲೆಕ್ಕ. ಅಂದರೆ ಟೆಸ್ಟ್ ಬಿದ್ದರೂ ಮರ್ಜ್ ತೆರೆದಿರುತ್ತದೆ! ಆ ಜಾಬ್‌ಗೆ ‘ಯಾವಾಗಲೂ ಓಡು’ ಅನ್ನುವ ಷರತ್ತು ಹಾಕಿ, ಒಳಗೆ ಉಳಿದ ಜಾಬ್‌ಗಳ ಫಲಿತಾಂಶ ಒಂದೊಂದಾಗಿ ನೋಡಿಸಿ. ಬೇಕಂತಲೇ ಬೀಳಿಸುವ ಪರೀಕ್ಷೆಯನ್ನು ಇಲ್ಲೂ ಮಾಡಿ.

ಯಾವುದೋ ಟೆಸ್ಟ್ ಸಿಕ್ಕಿಹಾಕಿಕೊಂಡಿದ್ದರೆ ಗಿಟ್‌ಹಬ್ ತಾನಾಗಿ ನಿಲ್ಲಿಸುವುದು 360 ನಿಮಿಷಕ್ಕೆ. ಆರು ಗಂಟೆ. ನೀವೇ ಹದಿನೈದೋ ಇಪ್ಪತ್ತೋ ನಿಮಿಷದ ಗಡುವು ಬರೆದುಬಿಡಿ.

ಇನ್ನು ನಿಧಾನದ ಮಾತು. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಪದ್ಧತಿಯವರು ಬಿಲ್ಡ್ ಮತ್ತು ಟೆಸ್ಟ್ ಸೇರಿ ಹತ್ತು ನಿಮಿಷದೊಳಗೆ ಮುಗಿಯಬೇಕು ಅಂದಿದ್ದರು. ಆ ಮಿತಿ ಇವತ್ತಿಗೂ ಸರಿ ಅಂತ ನನ್ನ ಅನುಭವ. ಪೈಟೆಸ್ಟ್‌ಗೆ ಅತಿ ನಿಧಾನದ ಹತ್ತು ಟೆಸ್ಟ್ ತೋರಿಸು ಅಂತ ಕೇಳಬಹುದು. ಮೊದಲು ಆ ಹತ್ತನ್ನು ನೋಡಿ. ಬ್ರೌಸರ್ ತೆರೆದು ಓಡುವ ಉದ್ದದ ಟೆಸ್ಟ್‌ಗಳು ರಾತ್ರಿ ಓಡಲಿ.

ಹಳೆಯ ಪ್ರಾಜೆಕ್ಟ್: 200 ಟೆಸ್ಟ್, 40 ಬಿದ್ದಿವೆ

ತುಂಬ ಜನ ಇಲ್ಲಿ ಸಿಕ್ಕಿಕೊಳ್ಳುತ್ತಾರೆ. ‘40ನ್ನೂ ಸರಿ ಮಾಡಿ ಆಮೇಲೆ ಸಿಐ ಆನ್ ಮಾಡೋಣ’ ಅನ್ನುತ್ತಾರೆ. ಸರಿ ಮಾಡುವಷ್ಟರಲ್ಲಿ ಇನ್ನು ಹತ್ತು ಬೀಳುತ್ತವೆ, ಯಾಕೆಂದರೆ ತಡೆಯುವವರು ಯಾರೂ ಇಲ್ಲ.

ಇವತ್ತೇ ಆನ್ ಮಾಡಿ. ಪ್ರತಿ ಸಲವೂ ತಪ್ಪದೆ ಬೀಳುವ ಟೆಸ್ಟ್‌ಗಳಿಗೆ ‘ಬೀಳುವ ನಿರೀಕ್ಷೆ ಇದೆ’ ಅನ್ನುವ ಗುರುತು ಹಾಕಿ. ಪೈಟೆಸ್ಟ್‌ನಲ್ಲಿ ಇದಕ್ಕೆ ಎಕ್ಸ್‌ಫೇಲ್ ಅಂತ ಹೆಸರು. ಪಕ್ಕದಲ್ಲಿ ಕಾರಣ ಬರೆಯಿರಿ, ಸ್ಟ್ರಿಕ್ಟ್ ಆಯ್ಕೆ ಹಾಕಿ. ಸ್ಕಿಪ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಸ್ಕಿಪ್ ಮಾಡಿದ ಟೆಸ್ಟ್ ಓಡುವುದೇ ಇಲ್ಲ. ಎಕ್ಸ್‌ಫೇಲ್ ಟೆಸ್ಟ್ ಓಡುತ್ತದೆ. ಯಾರಾದರೂ ದೋಷ ಸರಿ ಮಾಡಿ ಅದು ಪಾಸಾದ ದಿನ ಸ್ಟ್ರಿಕ್ಟ್ ಇದ್ದರೆ ಬಿಲ್ಡ್ ಕೆಂಪಾಗುತ್ತದೆ, ‘ಈ ಗುರುತು ತೆಗೆಯಿರಿ’ ಅಂತ ಕೇಳುತ್ತದೆ. ಹಾಗಾಗಿ ಪಟ್ಟಿ ಕಮ್ಮಿಯಾಗುತ್ತಾ ಹೋಗುತ್ತದೆ. ಈಗ ಪಾಸಾಗುವ 160 ಟೆಸ್ಟ್‌ಗಳಲ್ಲಿ ಅಸ್ಥಿರವಾದವನ್ನು ಬೇರೆ ಜಾಬ್‌ಗೆ ಕಳಿಸಿ, ಉಳಿದದ್ದನ್ನು ಕಡ್ಡಾಯ ಮಾಡಿ. 41ನೆಯದು ಬಿದ್ದ ಕ್ಷಣ ಸಿಕ್ಕಿಬೀಳುತ್ತದೆ.

ಯಾವ ಕಮಿಟ್‌ನಿಂದ ಬೀಳತೊಡಗಿತು ಅಂತ ಗೊತ್ತಿಲ್ಲದ ಹಳೆಯ ಟೆಸ್ಟ್‌ಗೆ ಗಿಟ್ ಬೈಸೆಕ್ಟ್ ಬಳಸಿ. ಹಸಿರಿದ್ದ ಒಂದು ಕಮಿಟ್, ಕೆಂಪಿರುವ ಒಂದು ಕಮಿಟ್ ಕೊಟ್ಟು, ಟೆಸ್ಟ್ ಕಮಾಂಡನ್ನೂ ಕೊಟ್ಟರೆ ನಡುವಿನದನ್ನು ಅರ್ಧ ಅರ್ಧ ಮಾಡುತ್ತಾ ತಾನೇ ಹುಡುಕುತ್ತದೆ. ಸಾವಿರ ಕಮಿಟ್ ಇದ್ದರೂ ಹತ್ತು ಓಟ ಸಾಕು. ಬಿಲ್ಡೇ ಆಗದ ಕಮಿಟ್ ಸಿಕ್ಕರೆ ನಿಮ್ಮ ಸ್ಕ್ರಿಪ್ಟ್ 125 ಎಕ್ಸಿಟ್ ಕೋಡ್ ಕೊಡಲಿ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ.

ನಮ್ಮ ಹಾಲಿನ ಟೆಸ್ಟನ್ನು ಹೇಗೆ ವಾಪಸ್ ತಂದೆವು ಅಂತ ಹೇಳಿ ನಿಲ್ಲಿಸುತ್ತೇನೆ. ‘ಈಗ ಎಷ್ಟು ಹೊತ್ತು’ ಅನ್ನುವುದನ್ನು ಕೋಡ್ ಮೆಷೀನಿಗೆ ಕೇಳುವುದನ್ನು ಬಿಡಿಸಿ, ಫಂಕ್ಷನ್‌ಗೆ ಹೊರಗಿನಿಂದ ಕೊಡುವಂತೆ ಮಾಡಿದೆವು. ತಾರೀಖು ಯಾವಾಗಲೂ ಏಷ್ಯಾ/ಕೋಲ್ಕತಾ ಸಮಯದಿಂದಲೇ. ಟೆಸ್ಟ್ ಮೂರು ಗೊತ್ತಾದ ಹೊತ್ತುಗಳನ್ನು ನೋಡುತ್ತದೆ: ಬೆಳಗಿನ 5:10, ಮಧ್ಯರಾತ್ರಿ ದಾಟಿ ಹತ್ತು ನಿಮಿಷ, ಮಾರ್ಚ್ 31ರ ರಾತ್ರಿ 11:50. ಕೊನೆಯದು ಲೆಕ್ಕದ ವರ್ಷ ಮುಗಿಯುವ ಹೊತ್ತು. ಎರಡು ದಿನ ಬೇರೆ ಬೇರೆ ಹೊತ್ತಿಗೆ, ಎರಡೂ ದ್ವೀಪಗಳ ಸಮಯದಲ್ಲಿ, 60 ಸಲ ಓಡಿಸಿದೆವು. ಒಮ್ಮೆಯೂ ಬೀಳಲಿಲ್ಲ. ಬೇಕಂತಲೇ ಹಳೆಯ ಸಾಲನ್ನು ವಾಪಸ್ ಹಾಕಿ ನೋಡಿದೆವು, ತಕ್ಷಣ ಬಿತ್ತು. ಅವತ್ತು ಸಂಜೆ ಅದು ಕಡ್ಡಾಯ ಪಟ್ಟಿಗೆ ಸೇರಿತು.

ಮಾರನೇ ದಿನ ಆ ಡೇರಿಗೆ ಹೋಗಿ, ಕಾರ್ಯದರ್ಶಿಯವರ ಕಾಗದದ ರಿಜಿಸ್ಟರ್ ಪಕ್ಕದಲ್ಲಿಟ್ಟುಕೊಂಡು, ತಪ್ಪು ತಾರೀಖಿಗೆ ಬಿದ್ದ ಹಾಲನ್ನು ಒಂದೊಂದೇ ಸಾಲು ಓದಿ ಸರಿ ಮಾಡಿದೆವು. ಮುಗಿಯುವ ಹೊತ್ತಿಗೆ ಸಂಜೆಯ ಪಾಳಿ ಶುರುವಾಗಿತ್ತು.